ಅವರವರ ಗೇಟು ದಾಟುವವರೆಗೆ

ಲೋಡರಣ್ಣ ಆ ದಿನ ಅಷ್ಟೊಂದು ಮರ್ಯಾದಸ್ಥನಾಗಿ ನಡೆದುಕೊಳ್ಳದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಓಣಿಯ ಒಳತುದಿಯಲ್ಲಿ ಕಟ್ಟುತ್ತಿದ್ದ ಮನೆಯ ಮಣ್ಣಿನ ಕೆಲಸ ಬೆಳಿಗ್ಗೆಯೇ ಮುಗಿದಿತ್ತು. ಕೊನೆಯ ಬಕೆಟ್ ಮಣ್ಣನ್ನು ಹೊತ್ತುಕೊಂಡು ಅವನು ತನ್ನ ಪುಟ್ಟ ಲೋಡರನ್ನು ದೊಡ್ಡ ರಸ್ತೆಯ ಕಡೆಗೆ ಓಡಿಸಿಕೊಂಡು ಬರುತ್ತಿದ್ದ. ಅರ್ಧ ಓಣಿ ದಾಟಿರಬೇಕು, ಹಲ್ಲಿನ ಡಾಕ್ಟರು ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಗೇಟಿಗೆ ಓಡಿ ಬಂದರು.

"ಏನಪ್ಪಾ ಇದು ಸದ್ದು! ಒಳಗೆ ಒಬ್ಬರ ದವಡೆಹಲ್ಲು ಅರ್ಧ ಬಂದಿದೆ. ನಿನ್ನ ಮಷಿನ್‌ಗೆ ಗೋಡೆ ಅದುರುತ್ತೆ, ಗೋಡೆ ಜೊತೆ ನನ್ನ ಕೈಯೂ ಅದುರುತ್ತೆ. ಒಂದೇ ಒಂದು ನಿಮಿಷ ಆಫ್ ಮಾಡು ಮಾರಾಯ."

ಆ ಮುದಿ ಲೋಡರಿನ ವಿಷಯದಲ್ಲಿ ಗುತ್ತಿಗೆದಾರರದ್ದು ಒಂದೇ ಕಟ್ಟಪ್ಪಣೆ: ಬೆಳಿಗ್ಗೆ ಹೇಗೋ ಮುದ್ದು ಮಾಡಿ ಹೊತ್ತಿಸಿದ ಎಂಜಿನ್ನನ್ನು ಸಂಜೆಯವರೆಗೆ ಆರಿಸಕೂಡದು. ಊಟಕ್ಕೆ ಹೋದರೂ ಅದು ಗುರುಗುಡುತ್ತಲೇ ಇರಬೇಕು. ಆದರೆ ಇಕ್ಕಳ ಹಿಡಿದ ಮನುಷ್ಯನಿಗೆ ಇಲ್ಲ ಎನ್ನುವುದು ಹೇಗೆ? ಲೋಡರಣ್ಣ ಕೀಲಿ ತಿರುಗಿಸಿದ. ಓಣಿ ತಣ್ಣಗಾಯಿತು. ಒಳಗಿನಿಂದ ಒಂದು ಉದ್ದನೆಯ ಚೀತ್ಕಾರ ಕೇಳಿಸಿತು. ಆಮೇಲೆ ಡಾಕ್ಟರು ಕಿಟಕಿಯಲ್ಲಿ ಕಾಣಿಸಿಕೊಂಡು, ಇನ್ನು ಹೋಗಬಹುದು ಎಂದು ಕೈಬೀಸಿದರು.

ಲೋಡರಣ್ಣ ಮತ್ತೆ ಕೀಲಿ ತಿರುಗಿಸಿದ. ಎಂಜಿನ್ನು ಒಮ್ಮೆ ಕೆಮ್ಮಿತು. ಎರಡನೇ ಸಲ ಬೇಕೋ ಬೇಡವೋ ಎಂಬಂತೆ ಕೆಮ್ಮಿತು. ಮೂರನೇ ಸಲ ಕೆಮ್ಮಲೂ ಇಲ್ಲ. ಆಸನದ ಮುಂದಿನ ಅಡ್ಡಪಟ್ಟಿ ಎತ್ತಿ ಇಳಿಸಿ ನೋಡಿದ, ಬ್ಯಾಟರಿಯ ತಂತಿ ಅಲುಗಾಡಿಸಿದ, ಬೇಡಿಕೊಂಡ, ಬೈದ. ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಸಂಗತಿ ಹೇಳಿದ. ಮೆಕ್ಯಾನಿಕ್ಕು, "ಆಫ್ ಮಾಡಿದ್ಯಾ? ಅಯ್ಯೋ ದೇವರೇ. ಹಾಗಿದ್ರೆ ಅದಿನ್ನು ಗ್ಯಾರೇಜಿಗೆ ಬರೋವರೆಗೂ ಏಳಲ್ಲ ಬಿಡು" ಎಂದ. ಸಾವಿನ ಮನೆಗೆ ಫೋನ್ ಮಾಡಿದವರ ದನಿಯಲ್ಲಿ ಹೇಳಿದ.

ಗ್ಯಾರೇಜಿಗೆ ಹೋಗುವುದೇನೋ ಮೊದಲೇ ನಿಗದಿಯಾಗಿತ್ತು. ಸಂಜೆ ಲೋಡರನ್ನು ಹೊತ್ತೊಯ್ಯಲು ದೊಡ್ಡ ರಸ್ತೆಗೆ ಲಾರಿ ಬರುವುದಿತ್ತು. ಈ ಓಣಿಯೊಳಗೆ ಅದು ನುಗ್ಗುವಂತಿರಲಿಲ್ಲ, ಅಷ್ಟು ಕಿರಿದು. ನಾಳೆ ಹೊಸ ಲೋಡರು ಬರುತ್ತಿತ್ತು, ತಣ್ಣನೆ ಗಾಳಿ ಬೀಸುವ ಗಾಜಿನ ಕ್ಯಾಬಿನ್ನಿನದು. ಅದರ ಸೀಟು ಲೋಡರಣ್ಣನಿಗೆ ಎಂದು ಗುತ್ತಿಗೆದಾರರು ಮಾತು ಕೊಟ್ಟಿದ್ದರು. ಕೊಟ್ಟ ಮಾತಿಗೆ ಬಾಲವೂ ಇತ್ತು.

"ಲಾರಿ ಬರೋ ಹೊತ್ತಿಗೆ ಹಳೇ ಮಷಿನ್ ದೊಡ್ಡ ರಸ್ತೇಲಿ ಇರ್ಬೇಕು. ಅಷ್ಟೂ ಆಗ್ಲಿಲ್ಲ ಅಂದ್ರೆ ಹೊಸದರ ಕೀ ನಮ್ಮ ಬಾಮೈದನ ಕೈಗೆ. ಅವನಕ್ಕ ಮೂರು ಹೊತ್ತೂ ನನ್ನ ತಲೆ ತಿಂತಿದ್ದಾಳೆ ಕಣಯ್ಯ. ನಿನ್ನದು ಒಂದು ತಪ್ಪು ಸಿಕ್ಕಿದ್ರೆ ಸಾಕು ಅಂತ ಕಾಯ್ತಿದ್ದಾಳೆ."

ಆ ಸೀಟಿಗಾಗಿ ಲೋಡರಣ್ಣ ಹನ್ನೊಂದು ವರ್ಷ ಬಿಸಿಲಲ್ಲಿ ಬೆಂದಿದ್ದ. ಅವನ ಹೆಂಡತಿಯಂತೂ ತಣ್ಣನೆ ಗಾಳಿಯ ಸಂಗತಿಯನ್ನು ಆಗಲೇ ತನ್ನ ತಂಗಿಗೆ ಹೇಳಿ, ತಂಗಿಯ ಹೊಟ್ಟೆಕಿಚ್ಚನ್ನು ಕಣ್ಣಾರೆ ನೋಡಿ, ಸಂತೋಷಪಟ್ಟೂ ಆಗಿತ್ತು. ಇನ್ನು ಹಿಂದೆ ಸರಿಯುವ ಪ್ರಶ್ನೆಯೇ ಇರಲಿಲ್ಲ.

ಅವನು ಬಕೆಟ್ಟಿನ ಮೇಲೆ ಕಾಲಿಟ್ಟು ಕೆಳಗಿಳಿಯುವಷ್ಟರಲ್ಲಿ ಓಣಿ ನೆರೆದಿತ್ತು. ಎಲ್ಲರಿಗಿಂತ ಮುಂದೆ ನಿವೃತ್ತ ಮೇಷ್ಟ್ರು.

"ನ್ಯೂಟ್ರಲ್‌ಗೆ ಹಾಕಿ ತಳ್ಳಯ್ಯ, ಅದಕ್ಕ್ಯಾಕೆ ಇಷ್ಟು ಯೋಚನೆ?"

"ಇದಕ್ಕೆ ನ್ಯೂಟ್ರಲ್ ಇಲ್ಲ ಮೇಷ್ಟ್ರೇ."

"ನ್ಯೂಟ್ರಲ್ ಇಲ್ಲದ ಗಾಡಿ ಎಲ್ಲಾದ್ರೂ ಇರುತ್ತೇನಯ್ಯ?"

"ಇದಕ್ಕಿಲ್ಲ. ಸ್ಟಿಯರಿಂಗೂ ಇಲ್ಲ. ಎರಡು ಲಿವರ್ ಅಷ್ಟೆ. ಎಂಜಿನ್ ನಿಂತ್ರೆ ನಾಲ್ಕೂ ಚಕ್ರ ತಾನಾಗೇ ಬಿಗಿದುಕೊಳ್ಳುತ್ತೆ. ತಳ್ಳಿದ್ರೆ ಉರುಳಲ್ಲ."

ಮೇಷ್ಟ್ರು ಪಾಠ ಒಪ್ಪಿಸಲಾರದ ಹುಡುಗನನ್ನು ನೋಡುವಂತೆ ಅವನನ್ನು ನೋಡಿದರು. ಆಮೇಲೆ ಬಂದವರೆಲ್ಲ ಸರದಿಯ ಮೇಲೆ ಅದನ್ನೇ ಕೇಳಿದರು. ಲೋಡರಣ್ಣ ಮೊದಲ ನಾಲ್ವರಿಗೆ ವಿವರಿಸಿದ, ಐದನೆಯವರಿಗೆ "ಹೂಂ, ಹಾಕಿದೀನಿ" ಎಂದು ಬಿಟ್ಟ. ಅವರಿಗೆ ಸಮಾಧಾನವಾಯಿತು.

ಓಣಿಯ ಬಾಯಿಯ ಕಡೆಗಿನ ಮನೆಯ ಟೆಂಪೋದವನು ಮಾತಿನ ಮನುಷ್ಯನಲ್ಲ. ಟೆಂಪೋ ತಂದು ಹಿಂದುಮುಂದಾಗಿ ನಿಲ್ಲಿಸಿ, ಅದರ ಹಿಂದಿನ ಬಂಪರಿಗೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಲೋಡರಿಗೆ ಕಟ್ಟಿ, "ದೂರ ನಿಲ್ರಪ್ಪಾ" ಎಂದು ಆಕ್ಸಿಲರೇಟರ್ ಒತ್ತಿದ. ಟೆಂಪೋ ಹೊರಟಿತು. ಬಂಪರು ಹೊರಡಲಿಲ್ಲ. ಅವನು ಓಣಿಯ ಬಾಯಿ ಮುಟ್ಟಿ, ಗೆದ್ದ ಮುಖ ಹೊತ್ತು ಹಿಂತಿರುಗಿ ನೋಡಿದಾಗ ಬಂಪರು ಲೋಡರಿನ ಮುಂದೆ ಹಗ್ಗ ಸಮೇತ ಅಂಗಾತ ಮಲಗಿತ್ತು. ಅವನು ಇಳಿದು ಬಂದು ಅದನ್ನು ಮಗುವಿನಂತೆ ಎತ್ತಿಕೊಂಡು ಹೋಗಿ, ಟೆಂಪೋವನ್ನು ತನ್ನ ಗೇಟಿನೊಳಗೆ ಸೇರಿಸಿದ.

ಇಷ್ಟರ ಮಧ್ಯೆ ಒಳತುದಿಯ ಮನೆಗಳ ಹೆಂಗಸರು ಹೂಕುಂಡ ಹಿಡಿದು ಬಂದರು. ಹೇಗೂ ನಿಂತಿದೆಯಲ್ಲ, ಬಕೆಟ್ಟಿನ ಮಣ್ಣು ಸುಮ್ಮನೆ ಬಿದ್ದಿದೆಯಲ್ಲ ಎಂದು ಒಬ್ಬೊಬ್ಬರು ಎರಡೆರಡು ಕುಂಡ ತುಂಬಿಕೊಂಡರು. ಲೋಡರಣ್ಣ ಬೇಡವೆನ್ನಲಿಲ್ಲ. ಇಡೀ ಬೆಳಗಿನಲ್ಲಿ ಅವನ ಮಷಿನ್ನನ್ನು ಕೊಂಚವಾದರೂ ಹಗುರ ಮಾಡಿದವರು ಅವರಷ್ಟೇ.

ಡಾಕ್ಟರು ಮಾತ್ರ ಕೈಕೈ ಹಿಸುಕಿಕೊಳ್ಳುತ್ತಿದ್ದರು. ಲೋಡರು ನಿಂತಿದ್ದದ್ದು ಸರಿಯಾಗಿ ಅವರ ಗೇಟಿಗೆ ಅಡ್ಡವಾಗಿ. ಒಳಗೆ ಅವರ ಕಾರು ಸಿಕ್ಕಿಕೊಂಡಿತ್ತು. ಮಧ್ಯಾಹ್ನ ಅವರು ಹೆಂಡತಿಯನ್ನು ತವರಿಗೆ ಬಿಟ್ಟು ಬರಬೇಕಿತ್ತು.

"ಏನಾದ್ರೂ ಮಾಡಯ್ಯ. ಇವತ್ತು ಅವಳು ಹೋಗ್ಲಿಲ್ಲ ಅಂದ್ರೆ ನನ್ನ ಗತಿ ಏನು ಗೊತ್ತಾ ನಿನಗೆ?"

"ಒಂದು ಉಪಾಯ ಇದೆ ಡಾಕ್ಟ್ರೇ. ಜಾಕ್ ಇದ್ರೆ ಕೊಡಿ, ಹತ್ತು ಜನ ಕೊಡಿ. ಕಟ್ತಿರೋ ಮನೇಲಿ ಸೆಂಟ್ರಿಂಗ್ ಹಲಗೆ ಇದೆ, ಕಬ್ಬಿಣದ ಪೈಪಿದೆ. ಎತ್ತಿ ಹಲಗೆ ಮೇಲೆ ಕೂರಿಸಿ, ಹಲಗೆ ಕೆಳಗೆ ಪೈಪು ಹಾಕಿದ್ರೆ ಉರುಳಿಸ್ಕೊಂಡು ಹೋಗಬಹುದು."

ಡಾಕ್ಟರು ಕಾರಿನಿಂದ ಜಾಕ್ ತಂದು ತಾವೇ ಮಂಡಿಯೂರಿ ಕುಳಿತರು. ಲೋಡರಿನ ಒಂದೊಂದು ಮೂಲೆ ಎತ್ತುವಾಗಲೂ "ಸ್ವಲ್ಪ ಒತ್ತಿದ ಹಾಗಾಗುತ್ತೆ, ಅಷ್ಟೆ" ಎಂದು ಅಭ್ಯಾಸಬಲದಿಂದ ಅದಕ್ಕೆ ಧೈರ್ಯ ಹೇಳಿದರು. ಲೋಡರಣ್ಣ ಹಲಗೆ ತೂರಿಸಿದ, ಪೈಪು ತೂರಿಸಿದ. ತಳ್ಳಲು ಡಾಕ್ಟರು, ಅವರ ಕಂಪೌಂಡರು, ಹೊರಗೆ ಕಾಯುತ್ತಿದ್ದ ರೋಗಿಗಳು, ಈಗಷ್ಟೇ ದವಡೆಹಲ್ಲು ಕಳೆದುಕೊಂಡು ಬಾಯಿತುಂಬ ಹತ್ತಿ ಇಟ್ಟುಕೊಂಡಿದ್ದವರು, ಎಲ್ಲ ಸೇರಿಕೊಂಡರು. ಹತ್ತಿಯವರು ಎಲ್ಲರಿಗಿಂತ ಜೋರಾಗಿ ತಳ್ಳಿದರು. ಅವರ ಸ್ಕೂಟರೂ ಒಳಗೇ ಸಿಕ್ಕಿಕೊಂಡಿತ್ತು.

ಮೂರು ಟನ್ನಿನ ಗಂಟು ಗೊಣಗಿತು, ಕದಲಿತು, ಒಂದಡಿ ಮುಂದೆ ಹೋಯಿತು. ಹಿಂದೆ ಬಿಡುಗಡೆಯಾದ ಪೈಪನ್ನು ಎತ್ತಿ ಮುಂದೆ ಹಾಕುವುದು, ಮತ್ತೆ ತಳ್ಳುವುದು, ಪೈಪಿಗೆ ಇಟ್ಟಿಗೆ ಅಡ್ಡ ಕೊಟ್ಟು ಉಸಿರು ಬಿಡುವುದು. ಲೋಡರಣ್ಣನ ಎದೆ ಉಬ್ಬಿತು. ಹೀಗೇ ಹೋದರೆ ಲಾರಿ ಬರುವ ಮೊದಲೇ ದೊಡ್ಡ ರಸ್ತೆ ಸೇರಬಹುದು ಎಂದು ಅವನು ಲೆಕ್ಕ ಹಾಕತೊಡಗಿದ. ಲೆಕ್ಕ ಮುಗಿಯುವ ಮೊದಲೇ ಹಿಂದಿನಿಂದ ಡಾಕ್ಟರ ದನಿ ಬಂತು.

"ಸಾಕು."

"ಇನ್ನೂ ರಸ್ತೆ ದೂರ ಇದೆಯಲ್ಲ ಡಾಕ್ಟ್ರೇ?"

"ನನ್ನ ಗೇಟು ಬಿಟ್ಟಿತಲ್ಲಪ್ಪ. ಪಾಪ, ರೋಗಿಗಳಿಗೆ ಇಷ್ಟು ಶ್ರಮ ಕೊಡಬಾರದು."

ರೋಗಿಗಳಿಗೆ ಒಮ್ಮೆಲೇ ತಾವು ರೋಗಿಗಳೆಂಬುದು ನೆನಪಾಯಿತು. ಕೆನ್ನೆ ಹಿಡಿದುಕೊಂಡು ಒಳಗೆ ಹೋದರು. ಲೋಡರಣ್ಣ ಒಬ್ಬನೇ ಉಳಿದ. ಅವನ ಬೆನ್ನ ಹಿಂದಿನಿಂದ ಇನ್ನೊಂದು ದನಿ ಎದ್ದಿತು.

"ಇದೇನಣ್ಣಾ, ಅವರ ಪೀಡೆ ತಂದು ನನ್ನ ಬಾಗಿಲಿಗೆ ಕಟ್ಟಿದ್ಯಲ್ಲ?"

ಟೈಲರಮ್ಮ. ಕತ್ತಿನ ಸುತ್ತ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ. ಒಂದು ಶಾಲೆಯ ಸಮವಸ್ತ್ರವೆಲ್ಲ ಆ ದಿನವೇ ಕೊಡಬೇಕಿತ್ತು, ತೆಗೆದುಕೊಂಡು ಹೋಗಲು ಬಂದ ತಾಯ್ತಂದೆಯರು ಲೋಡರಿನ ಆಚೆಗೆ ಸಾಲುಗಟ್ಟಿ ನಿಂತಿದ್ದರು. ಟೈಲರಮ್ಮ ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು, ಒಮ್ಮೆ ಸಾಲನ್ನೂ ಒಮ್ಮೆ ಲೋಡರನ್ನೂ ನೋಡಿದಳು.

"ಕೇಳಿ ಎಲ್ಲಾರೂ. ತಳ್ಳಿದವರಿಗೆ ಈಗ ಬಟ್ಟೆ. ತಳ್ಳದವರಿಗೆ ಮುಂದಿನ ವಾರ."

ಸಾಲು ಕರಗಿ ಲೋಡರಿನ ಹಿಂದೆ ಗಟ್ಟಿಯಾಯಿತು. ಲೋಡರು ಜೋರಾಗಿಯೇ ಹೋಯಿತು. ಟೈಲರಮ್ಮ ಪಕ್ಕದಲ್ಲಿ ಟೇಪು ಹಿಡಿದು ನಡೆಯುತ್ತ, "ಇನ್ನೂ ಒಂದಡಿ... ಇನ್ನು ನಾಲ್ಕಿಂಚು... ಸ್ವಲ್ಪ ಎಡಕ್ಕೆ... ನಿಲ್ಸಿ" ಎಂದಳು. ಅವಳ ಕಾಂಪೌಂಡು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಲೋಡರಿನ ಹಿಂಬದಿ ಬಂದು ನಿಂತಿತ್ತು. ನೂಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಈಗ ಅದು ಮೇಷ್ಟ್ರ ಗೇಟಿನ ಮುಂದೆ. ಮೇಷ್ಟ್ರಿಗೆ ಕಾರಿಲ್ಲ, ಸ್ಕೂಟರಿಲ್ಲ, ಸೈಕಲ್ಲೂ ಇಲ್ಲ. ಆದರೆ ಗೇಟಿನ ಮೇಲೆ 'ಇಲ್ಲಿ ವಾಹನ ನಿಲ್ಲಿಸಬಾರದು' ಎಂಬ ಬೋರ್ಡಿತ್ತು.

"ಈ ಬೋರ್ಡು ಹಾಕಿದ ಮೇಲೆ ಇದುವರೆಗೆ ಒಂದು ಗಾಡಿ ಇಲ್ಲಿ ನಿಂತಿಲ್ಲ ಕಣಯ್ಯ. ನಿನ್ನಿಂದ ಆ ಹೆಸರು ಹಾಳಾಗೋದು ಬೇಡ."

ಅವರು ಒಳಗೆ ಹೋಗಿ ಫೋನ್ ಹಿಡಿದರು. ಸ್ವಲ್ಪ ಹೊತ್ತಿನಲ್ಲೇ ನಾಲ್ಕೂ ಕಡೆಯಿಂದ ಅವರ ಹಳೆಯ ವಿದ್ಯಾರ್ಥಿಗಳು ಬಂದಿಳಿದರು. ಒಬ್ಬ ಬ್ಯಾಂಕಿನ ಮ್ಯಾನೇಜರು, ಇಬ್ಬರು ಪೊಲೀಸರು, ಒಬ್ಬ ಬಟ್ಟೆ ಅಂಗಡಿಯ ಮಾಲೀಕ. ತಲೆ ನರೆತವರು, ಹೊಟ್ಟೆ ಬಂದವರು, ಎಲ್ಲರೂ ಮೇಷ್ಟ್ರ ದನಿ ಕೇಳಿದೊಡನೆ ಕೈಕಟ್ಟಿ ಸಾಲಾಗಿ ನಿಂತರು. ಮೇಷ್ಟ್ರು ಎತ್ತರದವರನ್ನು ಹಿಂದಕ್ಕೂ ಗಿಡ್ಡನೆಯವರನ್ನು ಮುಂದಕ್ಕೂ ಹಾಕಿ, "ಒಂದು, ಎರಡು" ಎಂದು ಎಣಿಸಿದರು. ಮೂರು ಎನ್ನುವ ಮೊದಲೇ ತಳ್ಳಿದ ಬ್ಯಾಂಕ್ ಮ್ಯಾನೇಜರನನ್ನು ಹೊರಗೆ ನಿಲ್ಲಿಸಿದರು. ಅವರ ಬೋರ್ಡು ಪೂರ್ತಿ ಕಾಣುವಷ್ಟು ಲೋಡರು ಮುಂದೆ ಹೋದದ್ದೇ, "ತರಗತಿ ಮುಗೀತು, ಎಲ್ಲ ಹೊರಡಿ" ಎಂದುಬಿಟ್ಟರು.

ಲೋಡರಣ್ಣ ಬಕೆಟ್ಟಿನ ಅಂಚಿನ ಮೇಲೆ ಕುಳಿತು ಬೆವರು ಒರೆಸಿಕೊಂಡ. ಆಗ ಅವನ ತಲೆಯಲ್ಲಿ ಬೆಳಕು ಮೂಡಿತು. ಇಷ್ಟು ಹೊತ್ತೂ ಅವನು ಜನರ ಕೈಕಾಲು ಹಿಡಿಯಬೇಕೆಂದು ಹೆದರಿದ್ದ. ಅದರ ಅಗತ್ಯವೇ ಇಲ್ಲ! ಯಾರೂ ತಮ್ಮ ಗೇಟು ದಾಟಿ ಒಂದಿಂಚು ತಳ್ಳುವುದಿಲ್ಲ, ನಿಜ. ಆದರೆ ಗೇಟು ದಾಟುವವರೆಗೆ ಪ್ರಾಣ ಬಿಟ್ಟು ತಳ್ಳುತ್ತಾರೆ. ಒಬ್ಬರ ಗೇಟು ಮುಗಿದಲ್ಲಿ ಇನ್ನೊಬ್ಬರದ್ದು ಶುರುವಾಗುತ್ತದೆ. ಹಾಗಾದರೆ ಮಷಿನ್ನು ಕೈಯಿಂದ ಕೈಗೆ ದಾಟಿ ತಾನಾಗಿ ದೊಡ್ಡ ರಸ್ತೆಗೆ ಹೋಗುತ್ತದೆ. ತನ್ನ ಕೆಲಸವೆಂದರೆ ಸುಮ್ಮನೆ ಪಕ್ಕದಲ್ಲಿ ನಡೆಯುವುದು.

ಸಂತೋಷ ತಡೆಯಲಾರದೆ ಹೆಂಡತಿಗೆ ಫೋನ್ ಮಾಡಿದ.

"ಏನೂ ಯೋಚನೆ ಮಾಡ್ಬೇಡ ಕಣೇ. ಮನುಷ್ಯರ ಸ್ವಾರ್ಥದ ಮೇಲೆ ಮಷಿನ್ ಓಡ್ತಿದೆ. ಡೀಸೆಲ್ಲೂ ಬೇಡ."

"ನೀವು ಬಿಸಿಲಲ್ಲಿ ತಲೆಗೆ ಟವೆಲ್ ಕಟ್ಕೊಂಡಿದೀರ ತಾನೇ?" ಎಂದಳು ಅವಳು ಗಾಬರಿಯಿಂದ.

ಅವನ ಸಿದ್ಧಾಂತ ಸುಳ್ಳಾಗಲಿಲ್ಲ. ಮುಂದಿನದು ಟೆಂಪೋದವನ ಗೇಟು. ಬಂಪರಿಲ್ಲದ ಟೆಂಪೋ ಸಂಜೆಯ ಬಾಡಿಗೆಗೆ ಹೊರಡಬೇಕಿತ್ತು. ಲೋಡರನ್ನು ಕಂಡೊಡನೆ ಅವನ ಕಣ್ಣು ಕೆಂಪಾಯಿತು. ಮೂವರು ತಮ್ಮಂದಿರನ್ನು ಕೂಗಿ ಕರೆದ. ಹಗೆ ತೀರಿಸಿಕೊಳ್ಳುವವರಂತೆ ನಾಲ್ವರೂ ಭುಜ ಕೊಟ್ಟು ತಳ್ಳಿದರು. ಪೈಪು ಹಾಕಲು ಲೋಡರಣ್ಣನೇ ಓಡಬೇಕಾಯಿತು. ಗೇಟು ದಾಟಿದ ಮೇಲೆ ಟೆಂಪೋದವನು ಲೋಡರಿನ ಚಕ್ರಕ್ಕೆ ಒಂದು ಒದೆ ಕೊಟ್ಟು, ಕಾಲು ಹಿಡಿದುಕೊಂಡು ಕುಂಟುತ್ತ ಹೋದ.

ಇನ್ನು ಉಳಿದದ್ದು ಒಂದೇ ಮನೆ, ಓಣಿಯ ಬಾಯಿಯಲ್ಲಿರುವ ಮೂಲೆಮನೆ. ಅದನ್ನು ದಾಟಿದರೆ ದೊಡ್ಡ ರಸ್ತೆ. ಅಲ್ಲಿ ಓಡಾಡುವ ಬಸ್ಸುಗಳ ಬಣ್ಣ ಕೂಡ ಕಾಣುತ್ತಿತ್ತು. ಲೋಡರಣ್ಣ ಕೈ ಬೆನ್ನಿಗೆ ಕಟ್ಟಿಕೊಂಡು, ಯಾರು ಬಂದು ಬೈಯುತ್ತಾರೋ ಎಂದು ಹಸನ್ಮುಖಿಯಾಗಿ ಕಾದ.

ಯಾರೂ ಬರಲಿಲ್ಲ.

ಅವನು ಮೂಲೆಮನೆಯತ್ತ ತಿರುಗಿ ನೋಡಿದ. ಓಣಿಯ ಕಡೆಗೆ ಆ ಮನೆಗೆ ಇದ್ದದ್ದು ಬರೀ ಗೋಡೆ. ಅದರ ಗೇಟು ದೊಡ್ಡ ರಸ್ತೆಗಿತ್ತು. ಗೋಡೆಯ ಮೇಲ್ಗಡೆ ಒಂದು ಕಿಟಕಿ, ಕಿಟಕಿಯಲ್ಲಿ ಒಬ್ಬ ಅಜ್ಜಿ.

"ಅಜ್ಜೀ, ಈ ಮಷಿನ್ ನಿಮ್ಮ ಗೋಡೆಗೆ ಅಡ್ಡ ಆಗಿದೆ," ಎಂದ ಲೋಡರಣ್ಣ ಆಸೆಯಿಂದ.

"ಗೋಡೆ ಎಲ್ಲಿಗೆ ಹೋಗ್ಬೇಕಪ್ಪಾ? ಇರ್ಲಿ ಬಿಡು. ನಿಂತಷ್ಟು ದಿನ ನಿಲ್ಲಲಿ."

"ನೋಡೋಕೆ ಚೆನ್ನಾಗಿರಲ್ಲ ಅಜ್ಜಿ."

"ನನಗೆ ಕಣ್ಣು ಅಷ್ಟು ಕಾಣಲ್ಲ. ಹಳದಿ ಬಣ್ಣ ಒಂದು ಕಾಣುತ್ತೆ. ಹಿತವಾಗಿದೆ."

ಲೋಡರಣ್ಣ ಓಣಿಯೊಳಕ್ಕೆ ಓಡಿದ. ಡಾಕ್ಟರು ಕೊನೆಯ ರೋಗಿಯನ್ನು ಕಳಿಸಿ, ತಡವಾಗಿಯಾದರೂ ಹೆಂಡತಿಯನ್ನು ತವರಿಗೆ ಬಿಡಲೆಂದು ಕಾರಿನ ಬಾನೆಟ್ ಒರೆಸುತ್ತಿದ್ದರು. ಗೇಟು ಬಿಟ್ಟಿತ್ತು, ಆದರೆ ಓಣಿಯ ಬಾಯಿಯಲ್ಲಿ ಅದೇ ಲೋಡರು ಕೂತಿದೆ ಎಂಬುದು ಅವರಿಗೆ ಇನ್ನೂ ಹೊಳೆದಿರಲಿಲ್ಲ. ಬಾಡಿಗೆಗೆ ಹೊರಟ ಟೆಂಪೋದವನಿಗೆ ಅದು ಆಗತಾನೇ ಹೊಳೆದಿತ್ತು. ಅವನು ಹಾರ್ನಿನ ಮೇಲೆ ಅಂಗೈ ಇಟ್ಟು ಕುಳಿತಿದ್ದ. ಆದರೆ ಇಳಿದು ತಳ್ಳೋಣ ಎಂದರೆ, "ಅದು ಎಲ್ಲರ ದಾರಿ ತಾನೇ, ನಾನೊಬ್ಬನೇ ಯಾಕೆ ತಳ್ಳಲಿ? ಎಲ್ಲರೂ ಬರ್ಲಿ" ಎಂದ. ಡಾಕ್ಟರನ್ನು ಕೇಳಿದರೆ, "ಬರ್ತೀನಿ, ಮೊದಲು ಟೈಲರಮ್ಮ ಬರ್ಲಿ" ಎಂದರು. ಟೈಲರಮ್ಮ ಮೇಷ್ಟ್ರು ಬರಲಿ ಎಂದಳು. ಮೇಷ್ಟ್ರು, "ಇದು ಸಾರ್ವಜನಿಕ ಸಮಸ್ಯೆ ಕಣಯ್ಯ. ಒಂದು ಸಭೆ ಕರೀಬೇಕು, ಭಾನುವಾರ ನೋಡೋಣ" ಎಂದರು.

ಸೂರ್ಯ ಮನೆಗಳ ಹಿಂದೆ ಇಳಿಯುತ್ತಿದ್ದ. ಲಾರಿಯವನ ಫೋನ್ ಬಂತು, ಹೊರಟಿದ್ದಾನಂತೆ. ಅದರ ಬೆನ್ನಿಗೇ ಗುತ್ತಿಗೆದಾರರ ಫೋನು, ಅವರೂ ಬಾಮೈದನ ಜೊತೆ ಹೊರಟಿದ್ದಾರಂತೆ. ಬಾಮೈದ ಯಾಕೆ ಎಂದು ಲೋಡರಣ್ಣ ಕೇಳಲಿಲ್ಲ. ತಣ್ಣನೆ ಗಾಳಿ ಬೀಸುವ ಆ ಸೀಟು ಅವನ ಕಣ್ಣೆದುರಿನಲ್ಲೇ ಬೇರೆಯವನ ಅಡಿಗೆ ಜಾರಿಹೋಗುತ್ತಿತ್ತು. ಅವನಿಗೆ ಅಳು ಬಂತು. ಅಳುವ ಬದಲು ಒಂದು ಸುಳ್ಳು ಹೇಳಿದ.

"ಅಯ್ಯಯ್ಯೋ!" ಎಂದು ಓಣಿಯ ಮಧ್ಯೆ ನಿಂತು ತಲೆಯ ಮೇಲೆ ಕೈ ಹೊತ್ತ. "ಈಗ ನೆನಪಾಯ್ತು! ಆ ಮಷಿನ್ ನಿಂತಿರೋ ಜಾಗದ ಕೆಳಗೇ ನೀರಿನ ದೊಡ್ಡ ಪೈಪು ಹೋಗಿದೆ. ಮೂರು ಟನ್ ಭಾರ ಅದರ ನೆತ್ತಿ ಮೇಲೆ ಕೂತಿದೆ. ಒಡೀತು ಅಂದ್ರೆ ಇಡೀ ಓಣಿಗೆ ತಿಂಗಳುಗಟ್ಟಲೆ ಒಂದು ಹನಿ ನೀರಿಲ್ಲ!"

ಓಣಿಯ ಬಾಗಿಲುಗಳೆಲ್ಲ ತೆರೆದವು. ಡಾಕ್ಟರು ಬಂದರು, ಅವರ ಹೆಂಡತಿಯೂ ಬಂದರು. ಟೈಲರಮ್ಮ ಬಂದಳು. ಟೆಂಪೋದವನು ಹಾರ್ನು ಬಿಟ್ಟು ಬಂದ. ಕುಂಡದವರು ಬಂದರು. ಮೇಲಿನ ಕಿಟಕಿಯಿಂದ ಅಜ್ಜಿ, "ನನ್ನ ನಲ್ಲಿಯೂ ಅದೇ ಪೈಪಿಂದಾನಾ? ಹಾಗಾದ್ರೆ ಬೇಗ ತಳ್ರೋ" ಎಂದು ಹುರಿದುಂಬಿಸಿದಳು. ಆ ಓಣಿ ಹುಟ್ಟಿದಾಗಿನಿಂದ ಅದರ ಜನರೆಲ್ಲ ಒಂದೇ ವಸ್ತುವಿನ ಮೇಲೆ ಒಟ್ಟಿಗೆ ಕೈಯಿಟ್ಟದ್ದು ಅದೇ ಮೊದಲು. ಲೋಡರಣ್ಣನ ಕಣ್ಣು ಒದ್ದೆಯಾಯಿತು. ಮುಂದಿನ ಪೈಪು ಹಾಕಿ, "ಎಲ್ಲಾರೂ ಒಟ್ಟಿಗೆ" ಎಂದು ಕೈ ಎತ್ತಿದ.

"ನಿಲ್ಲಿಸಿ! ಯಾರೂ ಮುಟ್ಟಬೇಡಿ!"

ದೊಡ್ಡ ರಸ್ತೆಯ ಕಡೆಯಿಂದ ಮೇಷ್ಟ್ರು ಓಡುತ್ತ ಬರುತ್ತಿದ್ದರು. ಎಲ್ಲರೂ ತಳ್ಳಲು ಬಂದಾಗ ಅವರೊಬ್ಬರು ಮಾತ್ರ ಜವಾಬ್ದಾರಿಯುತ ನಾಗರಿಕರಾಗಿ ದೂರು ಕೊಡಲು ಹೋಗಿದ್ದರು. ಅವರ ಹಿಂದೆ ನೀರಿನ ಇಲಾಖೆಯ ಸೂಪರ್‌ವೈಸರು, ಅವರ ಹಿಂದೆ ಗುದ್ದಲಿ ಹಾರೆ ಹಿಡಿದ ನಾಲ್ಕು ಆಳುಗಳು. ಇಲಾಖೆಯವರು ಕರೆದ ಕೂಡಲೇ ಬರುವವರೇನಲ್ಲ. ಆದರೆ ಅವರು ಕೆಲವು ದಿನಗಳಿಂದ ದೊಡ್ಡ ರಸ್ತೆಯನ್ನು ಅಲ್ಲಲ್ಲಿ ಅಗೆಯುತ್ತ, ಹಳೆಯ ದೊಡ್ಡ ಪೈಪು ಎಲ್ಲಿ ಹೋಗಿದೆ ಎಂದು ತಿಳಿಯದೆ ತಲೆ ಚಚ್ಚಿಕೊಳ್ಳುತ್ತಿದ್ದರು.

"ಪೈಪು ಇಲ್ಲಿದೆ ಅಂತ ಹೇಳಿದ್ದು ಯಾರ್ರೀ?" ಎಂದರು ಸೂಪರ್‌ವೈಸರು ಏದುಸಿರು ಬಿಡುತ್ತ.

ಓಣಿಯ ಬೆರಳುಗಳೆಲ್ಲ ಒಂದೇ ಕಡೆ ತಿರುಗಿದವು.

"ನಿಮಗೆ ಹೇಗೆ ಗೊತ್ತು?"

ಸುಳ್ಳೆಂದು ಒಪ್ಪಿಕೊಂಡರೆ ಇಷ್ಟೂ ಜನ ಅವನನ್ನು ಅಲ್ಲೇ ಹೂತುಬಿಡುತ್ತಿದ್ದರು. ಲೋಡರಣ್ಣ ಮಷಿನ್ನಿನ ಮೇಲೆ ಕೈಯಿಟ್ಟ. "ಹನ್ನೊಂದು ವರ್ಷದಿಂದ ಮಣ್ಣಿನ ಕೆಲಸ ಸಾರ್. ಮಷಿನ್ ಮೇಲೆ ಕೂತ್ರೆ ಕೆಳಗೇನಿದೆ ಅಂತ ಗೊತ್ತಾಗಿಬಿಡುತ್ತೆ."

ಸೂಪರ್‌ವೈಸರು ಗೌರವದಿಂದ ತಲೆದೂಗಿ, ಲೋಡರಿನ ಮುಂದೆ, ದೊಡ್ಡ ರಸ್ತೆಗೂ ಅದಕ್ಕೂ ನಡುವೆ ಇದ್ದ ತುಂಡು ಜಾಗ ತೋರಿಸಿ, "ಅಗೀರೋ" ಎಂದರು. ಗುದ್ದಲಿ ಬೀಳತೊಡಗಿತು. ಏನೂ ಸಿಗದಿದ್ದರೆ ಹೊಂಡ ಮುಚ್ಚುತ್ತಾರೆ, ಬೈಯುತ್ತಾರೆ, ಆಮೇಲೆ ತಳ್ಳಿದರಾಯಿತು ಎಂದು ಲೋಡರಣ್ಣ ತನಗೆ ತಾನೇ ಹೇಳಿಕೊಂಡ. ಹೊಂಡ ಮಂಡಿ ಮಟ್ಟಕ್ಕಾಯಿತು, ಸೊಂಟದ ಮಟ್ಟಕ್ಕಾಯಿತು. ಆಗ ಹಾರೆಗೆ ಟಣ್ ಎಂದು ಸದ್ದಾಯಿತು.

ಆಳು ಬಗ್ಗಿ ಮಣ್ಣು ಒರೆಸಿದ. ಆನೆಯ ಕಾಲಿನಷ್ಟು ದಪ್ಪದ ತುಕ್ಕು ಹಿಡಿದ ಪೈಪು ಕಾಣಿಸಿತು.

ಓಣಿಯವರು ಚಪ್ಪಾಳೆ ತಟ್ಟಿದರು. ಸೂಪರ್‌ವೈಸರು ಲೋಡರಣ್ಣನನ್ನು ತಬ್ಬಿಕೊಂಡರು. ಎಲ್ಲರಿಗಿಂತ ಹೆಚ್ಚು ಬೆರಗಾದವನು ಲೋಡರಣ್ಣನೇ. ಅವನು ಹೊಂಡದೊಳಗೆ ಇಣುಕಿದ, ಹೊಂಡದ ಆಚೆ ದಡದಲ್ಲಿ ಬಂದು ನಿಂತ ಲಾರಿಯನ್ನು ನೋಡಿದ, ಈಚೆ ದಡದಲ್ಲಿ ಕೂತ ಲೋಡರನ್ನು ನೋಡಿದ. ಹೊಂಡ ಮುಚ್ಚುವಂತಿರಲಿಲ್ಲ. ಪೈಪು ನಿಜವಾಗಿಯೂ ಅಲ್ಲಿದ್ದುದರಿಂದ ಅದರ ಮೇಲೆ ಮೂರು ಟನ್ನು ದಾಟಿಸುವಂತೆಯೂ ಇರಲಿಲ್ಲ. ಲಾರಿಯವನು ಎರಡು ಸಲ ಹಾರ್ನು ಹೊಡೆದು, ಹೊಂಡ ನೋಡಿ, ತಿರುಗಿಸಿಕೊಂಡು ಹೊರಟುಹೋದ.

ಲಾರಿಯ ಧೂಳು ಅಡಗುವ ಮೊದಲೇ ಗುತ್ತಿಗೆದಾರರ ಬೈಕು ಬಂತು. ಹಿಂದೆ ಕುಳಿತಿದ್ದ ಬಾಮೈದ ಮದುಮಗನಂತೆ ತಲೆ ಬಾಚಿಕೊಂಡಿದ್ದ. ಲೋಡರಣ್ಣ ಬೈಗುಳ ಕೇಳಲು ತಲೆ ತಗ್ಗಿಸಿ ಸಿದ್ಧನಾದ. ಆದರೆ ಅವರು ಬಾಯಿ ತೆರೆಯುವ ಮೊದಲೇ ಸೂಪರ್‌ವೈಸರು ಅವರ ಎರಡೂ ಕೈ ಹಿಡಿದುಕೊಂಡರು.

"ಇವರು ನಿಮ್ಮ ಕಡೆಯವರಾ? ಇಂಥವರನ್ನ ಎಲ್ಲಿಂದ ಹುಡುಕಿದ್ರಿ? ನಾವು ದಿನಗಟ್ಟಲೆ ಹುಡುಕಿದ್ದನ್ನ ಇವರು ಕೂತಲ್ಲೇ ಹೇಳಿಬಿಟ್ರು. ಈ ಪೈಪು ಓಣಿ ಉದ್ದಕ್ಕೂ ಒಳಗೆ ಹೋಗಿದೆ. ಪೂರ್ತಿ ಅಗೆದು ಹೊಸದು ಹಾಕ್ಬೇಕು. ಆ ಕೆಲಸ ನೀವೇ ತಗೊಳ್ಳಿ."

ಗುತ್ತಿಗೆದಾರರ ಮುಖ ಅರಳಿತು. ಹೊಸ ಲೋಡರಿಗೆ ಮೊದಲ ದಿನವೇ ಕೆಲಸ! ಅವರು ಲೋಡರಣ್ಣನ ಹೆಗಲ ಮೇಲೆ ಕೈಯಿಟ್ಟರು. ಲೋಡರಣ್ಣ ಮೆಲ್ಲನೆ ತಲೆ ಎತ್ತಿದ. ಎಲ್ಲ ಕೆಟ್ಟದ್ದೂ ಒಳ್ಳೆಯದಕ್ಕೇ ಆಯಿತೇನೋ ಎನಿಸಿತು. ಕೇಳಿಯೇಬಿಟ್ಟ.

"ಹಾಗಾದ್ರೆ ಸಾರ್... ನಾಳೆ ಹೊಸ ಮಷಿನ್ ನಾನು...?"

"ಹೊಸದಕ್ಕೆ ನೀನ್ಯಾಕಯ್ಯ? ಅದು ಕೀ ತಿರುಗಿಸಿದ್ರೆ ಓಡುತ್ತೆ. ಅದನ್ನ ನಮ್ಮ ಬಾಮೈದನೂ ಓಡಿಸ್ತಾನೆ." ಗುತ್ತಿಗೆದಾರರು ದಡದಲ್ಲಿ ಕೂತಿದ್ದ ಹಳೆಯ ಲೋಡರನ್ನೂ, ಅದರಡಿಯ ಹಲಗೆ ಪೈಪುಗಳನ್ನೂ, ಅದು ದಾಟಿ ಬಂದ ಓಣಿಯ ಉದ್ದವನ್ನೂ ಕಣ್ಣರಳಿಸಿ ನೋಡಿದರು. "ಓಡೋ ಮಷಿನ್ ಓಡಿಸೋರು ಸಾವಿರ ಜನ ಸಿಕ್ತಾರೆ. ಓಡದೇ ಇರೋದನ್ನ ಇಷ್ಟು ದೂರ ತಂದವನು ನೀನೊಬ್ಬನೇ. ಬೆಳಿಗ್ಗೆ ಅಗೆಯೋಕೆ ಶುರು ಮಾಡೋ ಮುಂಚೆ ದಾರಿ ಖಾಲಿ ಇರ್ಬೇಕು. ಇದನ್ನ ವಾಪಸ್ ಒಳಗಿನ ತುದಿಗೆ ತಳ್ಳಿಸಿಬಿಡು."

ಲೋಡರಣ್ಣ ಓಣಿಯ ಕಡೆ ತಿರುಗಿದ. ಟೆಂಪೋದವನು ತನ್ನ ಗೇಟಿಗೆ ಅಡ್ಡಲಾಗಿ ಟೆಂಪೋ ನಿಲ್ಲಿಸುತ್ತಿದ್ದ. ಅದರಾಚೆ ಮೇಷ್ಟ್ರು, ಟೈಲರಮ್ಮ, ಡಾಕ್ಟರು ತಮ್ಮ ತಮ್ಮ ಗೇಟಿನ ಮುಂದೆ ಕೈಕಟ್ಟಿ, ಅದು ಇತ್ತ ಬಾರದಂತೆ ಕಾವಲು ನಿಂತಿದ್ದರು.